ಎರಡು ಬೆರಳು ಜಾಗ

ಬೇಲೂರು
೧೨ ಜೂನ್ ೨೦೨೪

ದ್ಯಾವಯ್ಯನಿಗೆ,

ವಿಷಯ: ಮನೆಗೆ ಗೆದ್ದಲು ಹತ್ತಿರುವ ಬಗ್ಗೆ.
ಉಲ್ಲೇಖ: ಇಲ್ಲ.

ಕ್ಷೇಮವಷ್ಟೆ? ನಾವಿಬ್ಬರೂ ರಿಟೈರಾಗಿ ಹನ್ನೊಂದು ವರ್ಷವಾದ ಮೇಲೆ ಈ ಸಂಪತ್ಕುಮಾರನ ಕಾಗದ ಕಂಡು ನಿನಗೆ ಆಶ್ಚರ್ಯವಾದೀತು. ಫೋನ್ ಮಾಡೋಣವೆಂದರೆ ನನ್ನ ಕಿವಿ ಪೂರ್ತಿ ಕೈಕೊಟ್ಟಿದೆ. ಎದುರಿಗೆ ನಿಂತು ಕೂಗಿದರೂ ಅರ್ಧ ಊಹೆಯಲ್ಲೇ ಕೇಳಿಸಿಕೊಳ್ಳಬೇಕು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಿಳಿಸುವುದೇನೆಂದರೆ, ನಮ್ಮ ಮನೆಯ ನಡುಕೋಣೆಯ ಬಾಗಿಲುವಾಡಕ್ಕೆ ಗೆದ್ದಲು ಹತ್ತಿದೆ. ಹೆಬ್ಬೆರಳಿಂದ ಒತ್ತಿದರೆ ಮರ ಬಿಸ್ಕತ್ತಿನ ಹಾಗೆ ಒಳಗೆ ಹೋಗುತ್ತೆ. ಔಷಧಿ ಹೊಡೆಯುವ ಕಂಪನಿಯವನೊಬ್ಬ ಬಂದಿದ್ದ. ನೆಲಕ್ಕೆ ತೂತು ಕೊರೆದು ವಿಷ ತುಂಬಬೇಕಂತೆ. ನಮ್ಮ ಬಾವಿ ಅಲ್ಲಿಂದ ಎಂಟು ಅಡಿ. ಮೇಲಾಗಿ ಸೊಸೆ ಮೇಧಿನಿ ಹಳೇಬೀಡಿನ ತವರಿನಲ್ಲಿ ಬಾಣಂತಿ. ವಿಜಯದಶಮಿ ಹೊತ್ತಿಗೆ ಕೂಸನ್ನು ಕರೆದುಕೊಂಡು ಬರುತ್ತಾಳೆ, ತೊಟ್ಟಿಲು ಕಟ್ಟುವುದು ಅದೇ ಕೋಣೆಯಲ್ಲಿ. ವಿಷ ಬೇಡವೇ ಬೇಡ ಎಂದು ನನ್ನ ಹೆಂಡತಿ ಕನಕಲಕ್ಷ್ಮಿ ಅವನನ್ನು ಗೇಟಿನಿಂದಲೇ ಕಳಿಸಿದಳು.

ಆಗ ನಮ್ಮ ಆಫೀಸಿನ ರೆಕಾರ್ಡ್ ರೂಮು ನೆನಪಾಯಿತು. ಮೂವತ್ತಮೂರು ವರ್ಷ ನಾವು ಅಲ್ಲಿ ಒಂದು ಹಾಳೆಯನ್ನೂ ಗೆದ್ದಲಿಗೆ ಬಿಡಲಿಲ್ಲ. ಅದರ ಕ್ರಮವನ್ನು ನೀನು ವಿವರವಾಗಿ ಬರೆದು ತಿಳಿಸಬೇಕಾಗಿ ಕೋರಿಕೆ.

ಇತಿ,
ಸಂಪತ್ಕುಮಾರ್


ಕಣಕಟ್ಟೆ
೨೦ ಜೂನ್ ೨೦೨೪

ಸಂಪತ್ಕುಮಾರ್ ಸಾರ್‌ಗೆ ಗಿಡ್ಡಮ್ಮ ಮಾಡೋ ನಮಸ್ಕಾರ.

ಗಂಡನಿಗೆ ಬಂದ ಕಾಗ್ದಕ್ಕೆ ಹೆಂಡ್ತಿ ಯಾಕೆ ಬರೀತಾಳೆ ಅಂದ್ಕೋಬೇಡಿ. ಅವ್ರು ತೋಟದ ಕಡೆ ಹೋಗವ್ರೆ, ಪುರ್ಸೊತ್ತಿಲ್ಲ. ನಂಗೆ ಅಕ್ಷರ ಕಲ್ಸಿದ್ದು ಅವ್ರೇ, ನಿಮ್ಮ ಆಫೀಸಿನ ರದ್ದಿ ಕಾಗ್ದದ ಬೆನ್ನಿನ ಮೇಲೆ. ನಾನು ಮಾತಾಡಿದಂಗೇ ಬರೆಯೋದು. ನಿಮ್ಮಂಗೆ ವಿಷಯ, ಉಲ್ಲೇಖ ಅಂತೆಲ್ಲ ಬರಲ್ಲ. ಉಲ್ಲೇಖ ಇಲ್ಲ ಅಂತ ಬರೆಯೋಕ್ಕೆ ಉಲ್ಲೇಖ ಯಾಕೆ ಸಾರ್?

"ನಾವು ಒಂದು ಹಾಳೆಯನ್ನೂ ಬಿಡಲಿಲ್ಲ" ಅಂತ ಬರ್ದಿದ್ದೀರಿ. ನಾವು ಅಂದ್ರೆ ಯಾರು ಸಾರ್? ಸುಣ್ಣದ ಡಬ್ಬ ಹಿಡ್ಕಂಡು ಬೀರೂ ಸಂದೀಲಿ ನುಸುಳ್ತಿದ್ದೋರು ನಮ್ಮನೆಯವ್ರು. ಅಂಗಿ ತುಂಬ ಧೂಳು, ಕೆಮ್ಮು. ಬಟ್ಟೆ ಒಗ್ದೋಳು ನಾನು. ಅಷ್ಟು ವರ್ಷ ಮಾಡಿದ್ರೂ ಯಾರೂ ಒಂದು ಒಳ್ಳೇ ಮಾತು ಬರ್ದು ಕೊಡ್ಲಿಲ್ಲ. ಪೆನ್ಷನ್ ಕೊಟ್ರು, ಸರಿ. ದ್ಯಾವಯ್ಯ ಅನ್ನೋನು ಇಂತಾ ಕೆಲ್ಸ ಮಾಡ್ದ ಅಂತ ಹೆಸರು ಬರ್ದಿರೋ ಒಂದು ಚೀಟಿ ಇಲ್ಲ ನಮ್ಮನೇಲಿ. ಅದೊಂದು ನಂಗೆ ಹೊಟ್ಟೇಲಿ ಉರೀತದೆ. ಇರ್ಲಿ. ಕೂಸು ಬತ್ತದೆ ಅಂತೀರಿ, ಅದಕ್ಕೆ ಹೇಳ್ತೀನಿ.

ಗೆದ್ದಲಿಗೆ ಮರಕ್ಕಿಂತ ಮುಂಚೆ ಬೇಕಾಗಿರೋದು ತೇವ. ಎಲ್ಲಿ ನೀರು ಸೋರ್ತದೆ ನೋಡಿ, ಮೊದ್ಲು ಅದನ್ನ ನಿಲ್ಸಿ. ಆಮೇಲೆ ಬೆರಳ ಗೆಣ್ಣಿಂದ ಮರ ತಟ್ಕೊಂಡು ಹೋಗಿ, ಕೇಳಿ. ಗಟ್ಟಿ ಮರ ಟಕ್ ಅಂತದೆ, ತಿಂದ ಮರ ಡಬ್ ಅಂತದೆ. ಡಬ್ ಅಂದ ಕಡೆ ಮಣ್ಣು ಕೆರೆದು, ಬೇವಿನೆಣ್ಣೇನ ಅಂಟವಾಳಕಾಯಿ ನೊರೇಲಿ ಕಲ್ಸಿ ತೂತಿಗೆ ಕುಡಿಸಿ. ಒಂದು ಸಲ ಮಾಡಿ ಕೈ ತೊಳ್ಕಂಡ್ರೆ ಆಗಲ್ಲ. ಮೂರ್ ಮೂರ್ ದಿನಕ್ಕೊಂದು ಸಲ, ಒಂದು ತಿಂಗಳು.

ಗಿಡ್ಡಮ್ಮ


ಬೇಲೂರು
೧ ಜುಲೈ ೨೦೨೪

ದ್ಯಾವಯ್ಯನಿಗೆ,

ವಿಷಯ: ಗೆದ್ದಲು, ಮುಂದುವರಿದುದು.
ಉಲ್ಲೇಖ: ನಿನ್ನ ಮನೆಯವರ ಪತ್ರ, ದಿನಾಂಕ ೨೦-೬-೨೦೨೪. (ಈ ಸಲ ಉಲ್ಲೇಖವಿದೆ ಎಂದು ಗಿಡ್ಡಮ್ಮನಿಗೆ ತಿಳಿಸು.)

ಹೇಳಿದ ಹಾಗೆ ಮಾಡಿದೆವು. ಬಚ್ಚಲ ನಲ್ಲಿ ಸೋರುತ್ತಿತ್ತು, ಸರಿಮಾಡಿಸಿದೆ. ಬೇವಿನೆಣ್ಣೆ ಕುಡಿಸಿದೆ. ಮನೆಯೆಲ್ಲ ವಾಸನೆ. ಒಂದು ವಾರಕ್ಕೆ ಗೆದ್ದಲು ಬಾಗಿಲು ಬಿಟ್ಟು ಪಕ್ಕದ ಕಿಟಕಿಗೆ ಬಂದಿದೆ. ಎಲ್ಲಿಂದ ಬಂತೋ ತಿಳಿಯದು. ಗೋಡೆಯ ಮೇಲೆ ಒಂದು ಗೆರೆ ಮಣ್ಣೂ ಕಾಣುವುದಿಲ್ಲ. ಕನಕ ಪ್ರತಿ ಶುಕ್ರವಾರ ಹೊಸ್ತಿಲು, ಗೋಡೆಯ ಬುಡ ಎಲ್ಲಕ್ಕೂ ಕೆಮ್ಮಣ್ಣು ಬಳಿದು ಅಷ್ಟು ಚೊಕ್ಕಟವಾಗಿ ಇಟ್ಟಿರುತ್ತಾಳೆ.

ಇನ್ನು ತಟ್ಟಿ ಕೇಳುವ ವಿಚಾರ. ಈ ಕಿವಿಗೆ ಡಬ್ ಎನ್ನುವುದೂ ಒಂದೇ, ಸಿಡಿಲೂ ಒಂದೇ. ಕನಕ ತಟ್ಟಿ ನೋಡಿದಳು, "ಎಲ್ಲಾ ಒಂದೇ ಥರ ಕೇಳತ್ತೆ ಕಣ್ರೀ" ಅಂದಳು. ನಿನ್ನ ಕೈಗೆ ಮಾತ್ರ ಒಲಿದಿದ್ದ ವಿದ್ಯೆ ಅದು.

ದ್ಯಾವಯ್ಯ, ಒಂದು ಮಾತು. ನಾನು ಬರೆದ ಕಾಗದಕ್ಕೆ ನೀನೇ ಉತ್ತರ ಬರೆಯಲಿಲ್ಲ. ಎರಡು ಸಾಲಿಗೂ ಪುರುಸೊತ್ತಿಲ್ಲದಷ್ಟು ತೋಟದ ಕೆಲಸ ಈ ವಯಸ್ಸಿನಲ್ಲಿ ಇರುತ್ತದೆಯೇ? ಆ ಹಳೆಯ ವಿಷಯ ನಿನ್ನ ಮನಸ್ಸಿನಲ್ಲಿ ಇನ್ನೂ ಇದ್ದರೆ, ಅದು ನ್ಯಾಯವೇ.

ಸಂಪತ್ಕುಮಾರ್


ಕಣಕಟ್ಟೆ
೧೦ ಜುಲೈ ೨೦೨೪

ಸಾರ್,

ಯಾವ ಹಳೇ ವಿಷಯ? ನಿಮ್ಮ ಕಾಗ್ದ ಮೂರ್ ಸಲ ಓದ್ದೆ. ನಂಗೇನೂ ಗೊತ್ತಿಲ್ಲ, ಅವ್ರೂ ಯಾವತ್ತೂ ಏನೂ ಹೇಳಿಲ್ಲ. ಬರೆದ್ರೆ ನೆಟ್ಟಗೆ ಬರೀರಿ, ಇಲ್ದಿದ್ರೆ ಬರೀಲೇಬೇಡಿ. ಅರ್ಧ ಹೇಳಿ ಅರ್ಧ ನುಂಗೋದು ನಂಗಾಗಲ್ಲ. ಅವ್ರು ಉತ್ತರ ಬರೀದೆ ಇರೋದು ಕ್ವಾಪಕ್ಕಲ್ಲ. ಕೆಲ್ಸ ಐತೆ ಅಷ್ಟೇ.

ಈಗ ಗೆದ್ದಲಿನ ಮಾತು. ಅಯ್ಯೋ ಸಾರ್, ನಿಮ್ಮ ಕನಕಮ್ಮೋರು ಕೆಮ್ಮಣ್ಣು ಬಳೀತಾವ್ರೆ ಅಂತ ಓದಿ ನಾನು ನೆಲಕ್ಕೆ ಕುಂತ್ಕಂಡು ನಕ್ಕೆ! ಗೆದ್ದಲು ಕಟ್ಟೋ ದಾರೀನೂ ಕೆಮ್ಮಣ್ಣು, ಅವ್ರು ಬಳಿಯೋದೂ ಕೆಮ್ಮಣ್ಣು. ವಾರವಾರ ಆಯಮ್ಮ ಅವಕ್ಕೆ ಸೂರು ಕಟ್ಕೊಡ್ತಾವ್ರೆ. ಒಳಗೆ ಆರಾಮಾಗಿ ಓಡಾಡ್ಕಂಡಿರ್ತವೆ, ನಿಮಗೆ ಎಲ್ಲಿಂದ ಕಂಡೀತು?

ನಮ್ಮನೆಯವ್ರು ಆಫೀಸಲ್ಲಿ ಮಾಡ್ತಿದ್ದಿದ್ದು ಇಷ್ಟು. ಗೋಡೆ ಬುಡಕ್ಕೆ ಸುತ್ತ ಒಂದು ಗೇಣು ಸುಣ್ಣದ ಪಟ್ಟೆ. ಬೆಳ್ಳಗೆ, ಹಲ್ಲು ಬಿಟ್ಟಂಗೆ. ಸುಣ್ಣಕ್ಕೆ ಗೆದ್ದಲು ಸಾಯಲ್ಲ ಸಾರ್. ಆದ್ರೆ ಅದನ್ನ ದಾಟಿ ಮೇಲಕ್ಕೆ ಹೋಗಬೇಕಾದ್ರೆ ಮಣ್ಣಿನ ದಾರಿ ಕಟ್ಟಲೇಬೇಕು. ಬಿಳೀ ಮೇಲೆ ಮಣ್ಣು ಎದ್ದು ಕಾಣ್ತದೆ. ಶನಿವಾರ ಶನಿವಾರ ಅವ್ರು ಬಗ್ಗಿ ಸುತ್ತ ನೋಡೋರು. ಕಂಡಿದ್ದನ್ನ ಕೆರೆದು, ಎಣ್ಣೆ ಕುಡಿಸಿ, ಮತ್ತೆ ಸುಣ್ಣ. ಬೀರೂ ಎಲ್ಲಾನೂ ಗೋಡೆಯಿಂದ ಒಂದು ಮೊಳ ಆಚೆಗೆ. ಕಾಲಿಗೆ ತಗಡಿನ ಬಟ್ಟಲು, ಅದರಲ್ಲಿ ಹೊಂಗೆ ಎಣ್ಣೆ. ಫೈಲ್ ನಡುವೆ ನೆರಳಲ್ಲಿ ಒಣಗಿಸಿದ ಬೇವಿನ ಸೊಪ್ಪು. ದೊಡ್ಡ ಮಂತ್ರ ಏನಿಲ್ಲ, ವಾರಾ ತಪ್ಪಿಸ್ದೆ ನೋಡೋದು.

ಹಿಂದಿನ ಗೋಡೆಗೆ ಏನಾದ್ರೂ ಒರಗಿಸಿದ್ದೀರಾ? ತೆಂಗಿನ ಮಟ್ಟೆ, ಸೌದೆ? ಇದ್ರೆ ಇವತ್ತೇ ಎತ್ತಿ.

ಕಿವಿ ಕೇಳದಿದ್ರೆ ಏನಂತೆ? ಎಡಗೈ ಅಂಗೈ ಮರದ ಮೇಲೆ ಇಡಿ, ಬಲಗೈಲಿ ತಟ್ಟಿ. ಗಟ್ಟಿ ಮರ ಕೈಗೆ ತಿರುಗಿಸಿ ಒದೀತದೆ. ತಿಂದ ಮರ ಸುಮ್ಕಿರ್ತದೆ.

ಇನ್ನೊಂದು. ರಟ್ಟಿನ ಡಬ್ಬ ನೀರಲ್ಲಿ ನೆನೆಸಿ ಗೆದ್ದಲಿರೋ ಕಡೆ ಇಡಿ. ಎರಡು ದಿನಕ್ಕೆ ರಾಶಿ ಬಂದು ಸೇರ್ಕತವೆ. ನಾನಾದ್ರೆ ತಗಂಡೋಗಿ ಕೋಳಿಗೆ ಹಾಕ್ತೀನಿ. ನಮ್ಮನೆಯವ್ರು ಬುದ್ಧನ ದಾರಿ ಹಿಡಿದೋರು, ಎತ್ಕಂಡೋಗಿ ಬೇಲಿ ಆಚೆ ಒಣಗಿದ ಮರದ ಬುಡಕ್ಕೆ ಬಿಡ್ತಿದ್ರು. ಇದೊಂದಕ್ಕೆ ನಮಗೆ ಜಗಳ ತಪ್ಪಿದ್ದಿಲ್ಲ. ನೀವು ಕೋಳಿ ಸಾಕಿರಲ್ಲ. ಅವ್ರ ಥರಾನೇ ಮಾಡಿ.

ಗಿಡ್ಡಮ್ಮ


ಬೇಲೂರು
೨೮ ಜುಲೈ ೨೦೨೪

ಗಿಡ್ಡಮ್ಮನವರಿಗೆ,

ಇದನ್ನು ನಿಮಗೇ ಬರೆಯುತ್ತಿದ್ದೇನೆ. ವಿಷಯ, ಉಲ್ಲೇಖ ಬಿಟ್ಟಿದ್ದೇನೆ.

ಕೆಮ್ಮಣ್ಣಿನ ಮಾತು ಕೇಳಿ ಕನಕಳಿಗೆ ಮೊದಲು ಸಿಟ್ಟು ಬಂತು. "ಹೊಸ್ತಿಲು ಬಳಿಯದೆ ಬಿಟ್ಟರೆ ಬೀದಿಯವರು ಏನಂದಾರು?" ಎಂದಳು. ಆಮೇಲೆ ತಾನೇ ಚಾಕು ತಂದು ಮೂಲೆಯಲ್ಲಿ ಕೆರೆದಳು. ಐದು ವರ್ಷದ ಕೆಮ್ಮಣ್ಣಿನ ಹಿಂದೆ ಬೆರಳು ಗಾತ್ರದ ದಾರಿ, ಒಳಗೆ ಬಿಳೀ ಹುಳುಗಳ ಮೆರವಣಿಗೆ. ಅವಳು ಕೂಗಿದ್ದು ನನಗೂ ಕೇಳಿಸಿತು! ಅವತ್ತೇ ಸುಣ್ಣ ತಂದೆವು. ಹಿತ್ತಿಲ ಗೋಡೆಗೆ ಹಂಡೆ ಒಲೆಗೆಂದು ಒಟ್ಟಿದ್ದ ಮಟ್ಟೆಯ ರಾಶಿ ಎತ್ತಿಸಿದೆ. ಅದರ ಬುಡವೇ ಅವುಗಳ ಹೆದ್ದಾರಿ. ನಿನ್ನೆಗೆ ಮೂರು ಶನಿವಾರ ಆಯಿತು. ಮೊದಲ ವಾರ ಪಟ್ಟೆಯ ಮೇಲೆ ಹನ್ನೊಂದು ಕಡೆ ಮಣ್ಣು ಕಂಡಿತು, ಎರಡನೆಯ ವಾರ ನಾಲ್ಕು, ನಿನ್ನೆ ಒಂದು. ಅಂಗೈ ಇಟ್ಟು ತಟ್ಟುವುದು ನನಗೆ ಬಂತು. ಗಟ್ಟಿ ಮರ ಕೈಗೆ ಒದೆಯಿತು. ಈ ವಯಸ್ಸಿನಲ್ಲಿ ಹೊಸ ಕಿವಿ ಬಂದ ಹಾಗಾಯಿತು.

ನೆಟ್ಟಗೆ ಬರೆಯಿರಿ ಎಂದಿದ್ದೀರಿ. ಬರೆಯುತ್ತೇನೆ.

೨೦೦೩ರಲ್ಲಿ ಮೇಲಧಿಕಾರಿಯೊಬ್ಬರು ತಪಾಸಣೆಗೆ ಬಂದಿದ್ದರು. ಬೇರೆ ಕಡೆ ಕಡತಗಳು ಪುಡಿಯಾಗಿರುವುದನ್ನು ನೋಡಿ ನೋಡಿ ಬಂದಿದ್ದವರು, ನಮ್ಮ ರೆಕಾರ್ಡ್ ರೂಮಿನಲ್ಲಿ ಬೆರಗಾಗಿ ನಿಂತರು. "ಇದನ್ನು ನೋಡಿಕೊಂಡವರು ಯಾರು?" ಎಂದು ಕೇಳಿದರು. ದ್ಯಾವಯ್ಯ ಬಾಗಿಲ ಹತ್ತಿರ ಸುಣ್ಣದ ಡಬ್ಬ ಹಿಡಿದು ನಿಂತಿದ್ದ. ನಾನು "ನಾವೇ ಸಾರ್" ಎಂದೆ. ತಿಂಗಳ ಮೇಲೆ ಒಂದು ಪ್ರಶಂಸಾ ಪತ್ರ ಬಂತು. ಅದರಲ್ಲಿ ನನ್ನೊಬ್ಬನ ಹೆಸರಿತ್ತು. ತಿದ್ದುಪಡಿ ಕೋರಿ ಒಂದು ಸಾಲು ಬರೆದಿದ್ದರೆ ಸಾಕಿತ್ತು. ದಿನಕ್ಕೆ ಇಪ್ಪತ್ತು ಕಾಗದ ಬರೆಯುತ್ತಿದ್ದ ನಾನು ಅದೊಂದನ್ನು ಬರೆಯಲಿಲ್ಲ. ಫ್ರೇಮು ಹಾಕಿಸಿದೆ. ನಮ್ಮ ಮನೆಗೆ ಬಂದು ಅದಕ್ಕೆ ಮೊಳೆ ಹೊಡೆದುಕೊಟ್ಟವನೂ ದ್ಯಾವಯ್ಯನೇ.

ಇನ್ನೂ ಒಂದು ಮುಚ್ಚಿಟ್ಟಿದ್ದೇನೆ. ಗೆದ್ದಲು ಮೊದಲು ತಿಂದದ್ದು ಬಾಗಿಲನ್ನಲ್ಲ. ಆ ಪ್ರಶಂಸಾ ಪತ್ರವನ್ನು. ಗಾಜು ಹಾಗೇ ಇದೆ, ಹಿಂದೆ ಬರೀ ಮಣ್ಣು. ನನಗೆ ನಾಚಿಕೆಯಾಗಿ ಬರೆಯಲಿಲ್ಲ.

ಇದನ್ನು ದ್ಯಾವಯ್ಯನವರಿಗೆ ಓದಿ ಹೇಳುವುದೋ ಬಿಡುವುದೋ, ನಿಮಗೆ ಸೇರಿದ್ದು.

ಸಂಪತ್ಕುಮಾರ್


ಕಣಕಟ್ಟೆ
೨೬ ಆಗಸ್ಟ್ ೨೦೨೪

ಸಾರ್,

ನಿಮ್ಮ ಕಾಗ್ದ ಬಂದು ಇಪ್ಪತ್ತು ದಿನದ ಮೇಲಾಯ್ತು. ಎರಡು ಸಲ ಬರ್ದು ಹರ್ದೆ. ಅದ್ರಲ್ಲಿ ಬರ್ದಿದ್ದ ಮಾತು ನಿಮ್ಮನೆ ಹೆಣ್ಮಕ್ಕಳು ಓದೋ ಅಂತಾವಲ್ಲ.

ನೀವು ತಪ್ಪು ಒಪ್ಕಂಡ್ರಿ, ಸಂತೋಷ. ನಂಗೆ ಹೊಟ್ಟೆ ತಣ್ಣಗಾಗ್ಲಿಲ್ಲ. ನನ್ನ ಗಂಡನ ಹೆಸರಿಲ್ದ ಕಾಗ್ದ ನಿಮ್ಮನೆ ಗೋಡೆ ಮೇಲೆ ಇಪ್ಪತ್ತು ವರ್ಷ ನೇತಾಡ್ತಿತ್ತು. ಅದಕ್ಕೆ ಅವ್ರ ಕೈಲೇ ಮೊಳೆ ಹೊಡ್ಸಿದ್ರಲ್ಲ, ಎಂಗೆ ಮನಸ್ಸು ಬಂತು ಸಾರ್? ಅವತ್ತು ಅವ್ರು ಮನೆಗೆ ಬಂದು ಏನೂ ಹೇಳದೆ ಉಂಡು ಮಲಗಿರ್ತಾರೆ. ನಾನು ಸಾರಿಗೆ ಉಪ್ಪು ಸಾಲ್ದು ಅಂತ ಬೈಸ್ಕಳ್ಳದೆ ಇದ್ದಿದ್ದಕ್ಕೆ ಖುಷಿ ಪಟ್ಟಿರ್ತೀನಿ. ಯೋಚ್ನೆ ಮಾಡಿದ್ರೆ ಕಣ್ಣೀರು ಬತ್ತದೆ.

ನಾನೂ ಒಂದು ಸುಳ್ಳು ಹೇಳಿದ್ದೀನಿ. ಅವ್ರು ತೋಟಕ್ಕೆ ಹೋಗಿಲ್ಲ. ಎರಡು ವರ್ಷದ ಹಿಂದೆ ಲಕ್ವ ಹೊಡೀತು. ಬಲಗೈ, ಬಲಗಾಲು ಹೋಯ್ತು, ಮಾತೂ ಹೋಯ್ತು. ಈಗ ಕೋಲು ಹಿಡಿದು ನಾಲ್ಕು ಹೆಜ್ಜೆ ಹಾಕ್ತಾರೆ. ಮಾತು ಮಾತ್ರ ಇಲ್ಲ. ದಿನಾ ಕಿಟಕಿ ಕಡೆ ಮುಖ ಮಾಡ್ಕಂಡು ಕುಂತಿರ್ತಾರೆ. ಅಂತಾ ಮನುಷ್ಯ ಇಂಗಾಗವ್ರೆ ಅಂತ ಆಫೀಸಿನೋರಿಗೆ ಗೊತ್ತಾಗೋದು ನಂಗೆ ಬೇಕಿರ್ಲಿಲ್ಲ.

ಮಗಳು ಮಂಜುಳಾ ಅರಸೀಕೆರೇಲಿ ಟೀಚರ್ ಆಗವ್ಳೆ, ಭಾನುವಾರ ಬಂದಿದ್ಲು. ನಾನು ನಿಮ್ಮ ಕಾಗ್ದ ತೋರ್ಸಿದೆ. "ಅಪ್ಪನ ವಿಷಯ, ಅಪ್ಪನಿಗೆ ಓದಿ ಹೇಳವ್ವ" ಅಂದ್ಲು. ಓದ್ದೆ. ಗೆದ್ದಲು ಆ ಕಾಗ್ದ ತಿಂತು ಅನ್ನೋ ಸಾಲಿಗೆ ಬಂದೆ ನೋಡಿ, ಅವ್ರು ನಕ್ಬಿಟ್ರು! ಸಣ್ಣ ನಗು ಅಲ್ಲ. ಕುರ್ಚಿ ಅಲ್ಲಾಡೋ ನಗು. ಎರಡು ವರ್ಷದ ಮೇಲೆ. ಮಂಜುಳಾ ಅಡುಗೆಮನೆಯಿಂದ ಓಡ್ಬಂದ್ಲು. ನಂಗೆ ನಿಮ್ಮ ಮೇಲೆ ಉರೀತಿದ್ರೆ ಇವ್ರು ನಗ್ತಾವ್ರೆ!

ನಕ್ಕು ನಕ್ಕು ಎಡಗೈಲಿ ಎರಡು ಬೆರಳು ಎತ್ತಿ ತೋರ್ಸಿದ್ರು. ನಿಮ್ಮ ಕಾಗ್ದದ ಕಡೆ ನೋಡ್ತಾರೆ, ಬೆರಳು ತೋರಿಸ್ತಾರೆ. ನಾನು ಎರಡು ಇಡ್ಲಿ ಬೇಕೇನೋ ಅಂತ ತಂದಿಟ್ಟೆ, ತಳ್ಳಿದ್ರು. ಗೋಡೆ ಕಡೆ ತೋರ್ಸಿ ಮತ್ತೆ ಎರಡು ಬೆರಳು. ನಮಗೆ ತಲೆಬುಡ ಅರ್ಥ ಆಗ್ಲಿಲ್ಲ. ನಿಮಗೇನಾದ್ರೂ ಗೊತ್ತಾ?

ಗಿಡ್ಡಮ್ಮ


ಬೇಲೂರು
೨ ಸೆಪ್ಟೆಂಬರ್ ೨೦೨೪

ಗಿಡ್ಡಮ್ಮನವರೇ,

ಗೊತ್ತು. ಓದಿದ ತಕ್ಷಣ ಗೊತ್ತಾಯಿತು. ನಾನೂ ಒಬ್ಬನೇ ಕೂತು ನಕ್ಕೆ, ಆಮೇಲೆ ಅತ್ತೆ. ಕನಕ ಗಾಬರಿಯಾಗಿ ನೀರು ತಂದಳು.

ಅವತ್ತು ಮೊಳೆ ಹೊಡೆಯುವಾಗ ದ್ಯಾವಯ್ಯನವರು, "ಸ್ವಾಮಿ, ಫ್ರೇಮ್ನ ಗೋಡೆಗೆ ಅಂಟಿಸಬೇಡಿ. ಹಿಂದೆ ಎರಡು ಬೆರಳು ಜಾಗ ಬಿಡಿ. ಗೋಡೆಗೆ ಅಂಟಿದ್ದಕ್ಕೆ ಗೆದ್ದಲು ಹತ್ತದೆ ಇರಲ್ಲ" ಎಂದಿದ್ದರು. ಮೊಳೆಯನ್ನು ಎರಡು ಬೆರಳು ಆಚೆಗೇ ಬಿಟ್ಟು ಹೊಡೆದಿದ್ದರು. ಅವರು ಹೋದ ಮೇಲೆ, ನೋಡಲು ಚೆನ್ನಾಗಿಲ್ಲ ಎಂದು ನಾನೇ ಸುತ್ತಿಗೆ ತಂದು ಮೊಳೆಯನ್ನು ಒಳಗೆ ಬಡಿದೆ. ಫ್ರೇಮು ಗೋಡೆಗೆ ಅಂಟಿತು.

ಅದನ್ನು ನೆನೆದು ಅವರು ನಕ್ಕರು. ಅವರ ಬುದ್ಧಿ ಎಲ್ಲಿಗೂ ಹೋಗಿಲ್ಲ, ಗಿಡ್ಡಮ್ಮನವರೇ. ಇಪ್ಪತ್ತೊಂದು ವರ್ಷದ ಹಿಂದಿನ ಎರಡು ಬೆರಳು ನೆನಪಿದೆ!

ಗಣೇಶನ ಹಬ್ಬ ಮುಗಿದ ಮುಂದಿನ ಶನಿವಾರ, ೧೪ನೇ ತಾರೀಖು, ನಾನು ಕಣಕಟ್ಟೆಗೆ ಬರುತ್ತೇನೆ. ಬೇಡವೆಂದು ಬರೆಯಬೇಡಿ. ಬರೆದರೂ ಕಾಗದ ತಲುಪುವ ಹೊತ್ತಿಗೆ ನಾನು ಬಸ್ಸಿನಲ್ಲಿರುತ್ತೇನೆ.

ಸಂಪತ್ಕುಮಾರ್


ಕಣಕಟ್ಟೆ
೨೨ ಸೆಪ್ಟೆಂಬರ್ ೨೦೨೪

ಸಾರ್,

ಬೇಲೂರು ಸುಖವಾಗಿ ಸೇರಿದ್ರಿ ಅಂದ್ಕತೀನಿ. ಮುದ್ದೆ ಎಂಗಿತ್ತು? ಅಲ್ಲ ಸಾರ್, ಎಪ್ಪತ್ತೊಂದು ವರ್ಷ ಹಾಸನದ ಸೀಮೇಲಿ ಇದ್ಕಂಡು ನುಂಗೋ ಮುದ್ದೇನ ಅಗಿದ್ರಲ್ಲ! ನಮ್ಮನೆಯವ್ರು ಅದನ್ನ ನೋಡಿ ಬಾಯಿಗೆ ಟವಲ್ ಅಡ್ಡ ಇಟ್ಕಂಡ್ರು. ಆದ್ರೂ ಎರಡನೇ ಸಲ ಸಾರು ಕೇಳಿದ್ರಿ, ನಾನು ಮರ್ತಿಲ್ಲ. ನಿಮ್ಮನೆ ಹಿತ್ಲಲ್ಲಿ ನಿಂತು ಬೇರೆ ಲೋಟದಲ್ಲಿ ಕಾಪಿ ಕುಡಿದು, ತೊಳ್ದು ಕವುಚಿ ಬತ್ತಿದ್ದೋರು ಇವ್ರು. ನೀವು ನಮ್ಮ ನಡುಮನೇಲಿ ಇವ್ರ ಪಕ್ಕ ಕುಂತು ಉಂಡ್ರಿ. ನಾನು ನೋಡ್ತಾ ನಿಂತಿದ್ದೆ. ಏನೂ ಅನ್ನಲಿಲ್ಲ, ಈಗ ಅಂತಿದೀನಿ.

ನೀವು ಹೋದ್ಮೇಲೆ ಆಗಿದ್ದು ಹೇಳ್ತೀನಿ. ಭಾನುವಾರ ಬೆಳಗ್ಗೆ ಇವ್ರು ಮೂಲೆ ಕಡೆ ಕೈ ತೋರ್ಸಿ ಹಠ ಹಿಡಿದ್ರು. ಅಲ್ಲಿ ಹಳೇ ಸುಣ್ಣದ ಡಬ್ಬ ಇತ್ತು. ಸುಣ್ಣ ಕಲ್ಸಿ ಕೊಟ್ಟೆ. ನೆಲಕ್ಕೆ ಕುಂತು ಎಡಗೈಲಿ ಗೋಡೆ ಬುಡಕ್ಕೆ ಪಟ್ಟೆ ಎಳೆಯೋಕ್ಕೆ ಶುರು ಮಾಡಿದ್ರು. ಸೊಟ್ಟ ಸೊಟ್ಟ. ಅಡುಗೆಮನೆಯಿಂದ ಬಾಗಿಲ ತಂಕ ಎರಡು ಗಂಟೆ ಹಿಡೀತು. ನಾನು ಮುಟ್ಟೋಕ್ಕೆ ಹೋದ್ರೆ ಕಣ್ಣು ಬಿಟ್ರು. ಈಗ ದಿನಾ ಸಂಜೆ ಗೋಡೆ ಹಿಡ್ಕಂಡು ಪಟ್ಟೆ ಉದ್ದಕ್ಕೂ ನಡೀತಾರೆ. ನಾಲ್ಕು ಹೆಜ್ಜೆ ಇದ್ದಿದ್ದು ನಲ್ವತ್ತಾಗೈತೆ.

ನೀವು ಹೋಗೋವಾಗ "ಒಂದು ಶಾಲು ಹೊದಿಸ್ತೀನಿ, ಸನ್ಮಾನ ಮಾಡ್ತೀನಿ" ಅಂದ್ರಿ. ಬೇಡ ಸಾರ್. ಶಾಲು ಬೀರೂನಲ್ಲಿ ನುಸಿ ಹಿಡೀತದೆ. ನಂಗೆ ಹೆಸರು ಬೇಕು. ಕಾಗ್ದದ ಮೇಲೆ, ಸೀಲು ಹಾಕಿ, ಅದೇ ಆಫೀಸಿಂದ. ದ್ಯಾವಯ್ಯ ಮಾಡಿದ್ದು ಅಂತ. ನಿಮ್ಮ ಕೈಲಾದ್ರೆ ಅದು ಮಾಡಿ.

ಗಿಡ್ಡಮ್ಮ


ಬೇಲೂರು
೨೦ ಅಕ್ಟೋಬರ್ ೨೦೨೪

ಗಿಡ್ಡಮ್ಮನವರೇ,

ಮೊದಲು ಮನೆಯ ಸುದ್ದಿ. ಮೇಧಿನಿ ಕೂಸಿನೊಂದಿಗೆ ಬಂದಳು. ತೊಟ್ಟಿಲು ಕಟ್ಟಿದ್ದೇವೆ, ಗೋಡೆಯಿಂದ ಒಂದು ಮೊಳ ಆಚೆಗೆ. ಪಟ್ಟೆಯ ಮೇಲೆ ಎಂಟು ಶನಿವಾರದಿಂದ ಒಂದು ಚುಕ್ಕೆ ಮಣ್ಣಿಲ್ಲ! ಬಾಗಿಲುವಾಡದ ಕೆಳಗಿನ ಒಂದಡಿ ಮಾತ್ರ ಕತ್ತರಿಸಿ ಹೊಸ ಮರ ಕೂರಿಸಿದ್ದಾಯಿತು, ಉಳಿದದ್ದೆಲ್ಲ ಗಟ್ಟಿ. ಕನಕ ಈಗ ಬಿಳೀ ಪಟ್ಟೆಯ ಮುಂದೆ ರಂಗೋಲಿ ಬಿಡುತ್ತಾಳೆ. ಬೀದಿಯ ನಾಲ್ಕು ಮನೆಯವರು ಪಟ್ಟೆ ಹೊಡೆಸಿದ್ದಾರೆ. ಯಾರು ಕೇಳಿದರೂ ಇದು ಕಣಕಟ್ಟೆಯ ದ್ಯಾವಯ್ಯನವರದು ಎನ್ನುತ್ತಾಳೆ.

ಈಗ ನೀವು ಕೇಳಿದ ವಿಷಯ. ನಿಮ್ಮ ಕಾಗದ ಬಂದ ದಿನವೇ ನಮ್ಮ ಹಳೇ ಆಫೀಸಿಗೆ ಬರೆದೆ. ಅಲ್ಲಿನ ಈಗಿನ ಅಧಿಕಾರಿ ಹೇಮಲತಾ ಎಂಬ ಹೆಣ್ಣುಮಗಳು ತಾವೇ ಉತ್ತರ ಬರೆದಿದ್ದಾರೆ. ನಾವಿಬ್ಬರೂ ಬಿಟ್ಟ ಮೇಲೆ ಯಾರೋ ಜಾಗ ಸಾಲದೆಂದು ಬೀರುಗಳನ್ನೆಲ್ಲ ಗೋಡೆಗೆ ತಳ್ಳಿದ್ದಾರಂತೆ. ಸುಣ್ಣದ ಮೇಲೆ ಕಂದು ಬಣ್ಣ ಬಳಿದಿದ್ದಾರಂತೆ. ಗೆದ್ದಲು ಬಂದು ಎರಡು ಬೀರು ಹೋಗಿವೆ. ದ್ಯಾವಯ್ಯನವರನ್ನು ೨೧ ನವೆಂಬರ್, ಗುರುವಾರ, ಕರೆದುಕೊಂಡು ಬನ್ನಿ, ಅವರಿಂದಲೇ ಕಲಿಯುತ್ತೇವೆ ಎಂದಿದ್ದಾರೆ.

ಆದರೆ ನಾನು ಬರಲಾರೆ. ಅದೇ ತಿಂಗಳ ೧೮ಕ್ಕೆ ಕಣ್ಣಿನ ಪೊರೆ ತೆಗೆಯುತ್ತಾರೆ, ಎರಡು ವಾರ ಧೂಳಿಗೆ ಹೋಗಬಾರದಂತೆ. ಮತ್ತೆ ಜಾರಿಕೊಂಡ ಎಂದು ನೀವು ಅಂದುಕೊಂಡರೆ ತಪ್ಪಲ್ಲ. ಹೇಳಬೇಕಾದ್ದನ್ನೆಲ್ಲ ಅಧಿಕಾರಿಗಳಿಗೆ ಬರೆದಿದ್ದೇನೆ.

ಸಂಪತ್ಕುಮಾರ್


ಕಣಕಟ್ಟೆ
೨೪ ನವೆಂಬರ್ ೨೦೨೪

ಸಂಪತ್ಕುಮಾರ್ ಸಾರ್‌ಗೆ,

ವಿಷಯ: ಗೆದ್ದಿದ್ದು.
ಉಲ್ಲೇಖ: ನೀವು ಆಫೀಸಿಗೆ ಬರ್ದ ಕಾಗ್ದ.

ನೋಡಿ, ನಂಗೂ ಬತ್ತದೆ! ಕಣ್ಣಿನ ಪಟ್ಟಿ ಬಿಚ್ಚಿರದಿದ್ರೆ ಕನಕಮ್ಮೋರ ಕೈಲಿ ಜೋರಾಗಿ ಓದ್ಸಿ. ಕೇಳ್ದಿದ್ರೆ ಎರಡನೇ ಸಲ ಓದ್ಸಿ.

ಮೊದ್ಲು ನಿಜ ಹೇಳ್ಬಿಡ್ತೀನಿ. ಕಣ್ಣಾಪರೇಷನ್ ಅಂತ ಬರ್ದಾಗ ನಾನು ನಂಬ್ಲಿಲ್ಲ. ಅರಸೀಕೆರೆ ಬಸ್ಸಲ್ಲಿ ಕುಂತು ದಾರಿ ಉದ್ದಕ್ಕೂ ನಿಮ್ಮನ್ನ ಬೈಕಂಡೇ ಹೋದೆ. ಮಂಜುಳಾ ರಜ ಹಾಕಿ ಸ್ಟ್ಯಾಂಡಿನಲ್ಲಿ ಕಾಯ್ತಿದ್ಲು. "ಸುಮ್ನಿರವ್ವ, ಜನ ನೋಡ್ತವ್ರೆ" ಅಂದ್ಲು.

ಆಫೀಸಲ್ಲಿ ಆ ಹೇಮಲತಾ ಮೇಡಂ ಗೇಟಿಗೇ ಬಂದಿದ್ರು. ಇವ್ರ ಕೈ ಹಿಡಿದು ಮೆಟ್ಟಿಲು ಹತ್ತಿಸಿದ್ರು. ರೆಕಾರ್ಡ್ ರೂಮಿನ ಮುಂದೆ ಹತ್ತು ಹನ್ನೆರಡು ಜನ. ಒಬ್ಬ ಹುಡುಗ ಇಂದ್ರೇಶ್ ಅಂತೆ, ಹೊಸ ಕ್ಲರ್ಕು, "ಇವ್ರಿಗೆ ಮಾತೇ ಬರಲ್ಲ ಮೇಡಂ, ಏನು ಹೇಳ್ಕೊಡ್ತಾರೆ?" ಅಂದ. ನಂಗೆ ಮೈ ಉರೀತು. ಮಂಜುಳಾ ನನ್ನ ಸೆರಗು ಹಿಡ್ಕಂಡ್ಲು.

ಇವ್ರು ಯಾರ ಕಡೇನೂ ನೋಡ್ಲಿಲ್ಲ. ಒಳಗ್ ಹೋದ್ರು. ವಾಸನೆ ಎಳ್ಕಂಡ್ರು. ಎಡಗೈ ಗೆಣ್ಣಿಂದ ಬಾಗಿಲು ತಟ್ಟಿದ್ರು, ಮುಂದಕ್ಕೆ. ಕಿಟಕಿ, ಮುಂದಕ್ಕೆ. ಒಂದು ಬೀರು, ಎರಡು, ಮೂರು. ಎಲ್ರೂ ಇವ್ರ ಹಿಂದಿಂದೇ ಬಂದ್ರು. ಮೂಲೇಲಿ ಒಂದು ಹೊಸ ಮರದ ಬೀರು, ಫಳಫಳ ಅಂತೈತೆ. ತಟ್ಟಿದ್ರು, ನಿಂತ್ರು. ಮತ್ತೆ ತಟ್ಟಿದ್ರು. ನಂಗೇ ಕೇಳಿಸ್ತು ಸಾರ್, ಡಬ್ ಅಂತು! ಇಂದ್ರೇಶ, "ಅದು ಈ ವರ್ಷ ಮಾಡಿಸಿದ್ದು, ಅದಕ್ಕೇನಾಗಿಲ್ಲ" ಅಂದ. ಮೇಡಂ ಜರುಗಿಸ್ರೀ ಅಂದ್ರು. ಜರುಗಿಸಿದ್ರೆ ಹಿಂದಿನ ಹಲಗೇನೇ ಇಲ್ಲ, ಬರೀ ಮಣ್ಣು. ಇನ್ನೊಂದು ವಾರ ಬಿಟ್ಟಿದ್ರೆ ಒಳಗಿನ ಹಳೇ ದಾಖಲೆ ಎಲ್ಲಾ ಪುಡಿ.

ಮುಗೀಲಿಲ್ಲ. ಇವ್ರು ಗೋಡೆ ಮುಟ್ಟಿದ್ರು, ತೇವ. ಕೋಲು ಎತ್ತಿ ಮೇಲೆ ತೋರ್ಸಿದ್ರು. ಪಕ್ಕದ ರೂಮಿಗೆ ಏಸಿ ಹಾಕ್ಸವ್ರೆ, ಅದರ ಪೈಪಿನ ನೀರು ಹಗಲೆಲ್ಲ ಆ ಗೋಡೆಗೇ ತೊಟ್ಟಿಕ್ತದೆ. ಯಾರ್ ಕಣ್ಣಿಗೂ ಬಿದ್ದಿಲ್ಲ ನೋಡಿ! ಮೇಡಂ ಜೋರಾಗಿ ಚಪ್ಪಾಳೆ ತಟ್ಟಿದ್ರು. ಎಲ್ರೂ ತಟ್ಟಿದ್ರು. ಆ ಇಂದ್ರೇಶ ಬಂದು ಇವ್ರ ಕಾಲು ಮುಟ್ಟಿದ. ಇವ್ರು ಅವನ ಕೈ ಹಿಡಿದು ಬೀರು ಮೇಲಿಟ್ಟು ತಟ್ಟೋದು ಹೇಳ್ಕೊಟ್ರು. ಬಾಯಲ್ಲಿ ಒಂದು ಮಾತಿಲ್ಲ, ಅರ್ಧ ಗಂಟೇಲಿ ಹುಡುಗ ಕಲ್ತ.

ಆಮೇಲೆ ಮೇಡಂ ಎಲ್ಲರ ಮುಂದೆ ನಿಮ್ಮ ಕಾಗ್ದ ಓದಿದ್ರು. "ಈ ಕೆಲಸಕ್ಕೆ ೨೦೦೩ರಲ್ಲಿ ನಾನು ಪಡೆದ ಪ್ರಶಂಸೆ ನನ್ನದಲ್ಲ. ಮೂವತ್ತಮೂರು ವರ್ಷ ಇದನ್ನು ಮಾಡಿದವರು ದ್ಯಾವಯ್ಯನವರು. ನಾನು ನೋಡುತ್ತಾ ಇದ್ದೆ, ಹೆಸರು ಬಂದಾಗ ಸುಮ್ಮನಿದ್ದೆ. ದಾಖಲೆಯನ್ನು ತಿದ್ದಬೇಕಾಗಿ ಕೋರುತ್ತೇನೆ." ನಾಲ್ಕೇ ಸಾಲು, ಒಂದು ಅಂಕಿಲ್ಲ, ಡೊಂಕಿಲ್ಲ. ಬಸ್ಸಲ್ಲಿ ಬೈದಿದ್ದೆಲ್ಲಾ ವಾಪಸ್ ತಗಂಡೆ ಸಾರ್, ಒಂದೂ ಬಿಡದಂಗೆ.

ಕಾಗ್ದ ಕೊಟ್ರು. ಸೀಲೈತೆ, ಸಹಿ ಐತೆ. "ಶ್ರೀ ದ್ಯಾವಯ್ಯನವರು" ಅಂತ ಮೊದಲ್ನೇ ಸಾಲಲ್ಲೇ ಐತೆ. ಅಲ್ಲೇ ನಿಂತು ನಾನೇ ಓದ್ದೆ, ಯಾರ ಕೈಲೂ ಓದಿಸ್ಲಿಲ್ಲ. ಮಂಜುಳಾ ಫೋಟೋ ಹಿಡಿಯೋಕ್ಕೆ ಹೋಗಿ ಅತ್ಲು, ಫೋಟೋ ಎಲ್ಲಾ ಅಲ್ಲಾಡಿಹೋಗೈತೆ. ಜೊತೆಗೆ ಒಂದು ಆರ್ಡರು ಹೊರಡಿಸವ್ರೆ. ಅದರಲ್ಲಿ ಇಂಗೈತೆ: "ದ್ಯಾವಯ್ಯನವರ ಪಟ್ಟೆಯನ್ನು ವಾರಕ್ಕೊಮ್ಮೆ ತಪ್ಪದೆ ಪರಿಶೀಲಿಸತಕ್ಕದ್ದು." ನನ್ನ ಗಂಡನ ಹೆಸರಲ್ಲಿ ಸರ್ಕಾರಿ ಆರ್ಡರು ಸಾರ್! ಬಗ್ಗಿ ನೋಡತಕ್ಕದ್ದು! ಬಸ್ ಸ್ಟ್ಯಾಂಡಲ್ಲಿ ಎಲ್ರಿಗೂ ಮೈಸೂರ್‌ಪಾಕ್ ಹಂಚ್ದೆ, ಗುರುತಿಲ್ದೋರಿಗೂ ಕೊಟ್ಟೆ.

ಶುಕ್ರವಾರ ಮಂಜುಳಾ ಅದಕ್ಕೆ ಫ್ರೇಮು ಹಾಕಿಸ್ಕಂಡು ಬಂದ್ಲು. ಬುದ್ಧನ ಫೋಟೋ ಕೆಳಗೆ ಹಾಕಣ ಅಂತ ಸುತ್ತಿಗೆ ತಗಂಡ್ಲು. ಇವ್ರು ಸುತ್ತಿಗೆ ಕಿತ್ಕಂಡ್ರು, ಯಾರಿಗೂ ಕೊಡ್ಲಿಲ್ಲ. ಫ್ರೇಮು ಮಂಚದ ಮೇಲೇ ಐತೆ, ಸುತ್ತಿಗೆ ಇವ್ರ ಪಕ್ಕದಲ್ಲೈತೆ. ಯಾಕೆ ಅಂತ ಕೇಳಿದ್ದಕ್ಕೆ ಪೆನ್ನು ಬೇಕು ಅಂತ ಕೈ ಮಾಡಿದ್ರು. ಲಕ್ವ ಹೊಡೆದ ಮೇಲೆ ಇವತ್ತೇ ಪೆನ್ನು ಹಿಡಿದಿದ್ದು. ಬೆಳಗ್ಗೆಯಿಂದ ಬರೀತಾವ್ರೆ. ಕೆಳಗಡೆ ಇರೋದು ಅವ್ರ ಎಡಗೈ ಅಕ್ಷರ, ನಿಧಾನಕ್ಕೆ ಓದಿ.

ಗಿಡ್ಡಮ್ಮ


ಏನ್ಲಾ ಸಂಪತ್ತು,

ಕಣ್ಣು ವಾಸಿ ಆದ್ಮೇಲೆ ಬಾ. ಮೊಳೆ ನೀನ್ ಹೊಡಿ. ಎರಡು ಬೆರಳು ಜಾಗ ಬಿಡು.

ದ್ಯಾವಯ್ಯ